ನಾರು ಲಿವರಿಗೆ ಹೋಗೋದೇ ಇಲ್ಲ, ಮತ್ತೆ ಲಿವರಿಗೆ ಒಳ್ಳೇದು ಹೇಗೆ?

ಈಗೀಗ ಯಾರ ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ನೋಡಿದ್ರೂ ಕೊನೇಲಿ ಒಂದು ಸಾಲು ಇದ್ದೇ ಇರತ್ತೆ, ಗ್ರೇಡ್ 1 ಫ್ಯಾಟಿ ಲಿವರ್ ಅಂತ. ಹೋಗಿದ್ದು ಕಿಡ್ನಿಲಿ ಕಲ್ಲಿದ್ಯಾ ನೋಡೋಕೆ, ಕಲ್ಲಿಲ್ಲ, ಆದ್ರೆ ಲಿವರಲ್ಲಿ ಕೊಬ್ಬಿದೆ. ನಮ್ಮಣ್ಣನಿಗೂ ಹಾಗೇ ಆಯ್ತು. ಕುಡಿಯೋ ಅಭ್ಯಾಸ ಇಲ್ಲ, ಸಿಗರೇಟ್ ಇಲ್ಲ, ನೋಡೋಕೆ ಅಂಥಾ ದಪ್ಪಾನೂ ಅಲ್ಲ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಅಷ್ಟೇ. ಡಾಕ್ಟ್ರು ರಿಪೋರ್ಟಿಂದ ತಲೆ ಎತ್ತದೇನೇ ಹೇಳಿದ್ರು, ಗಾಬರಿ ಏನಿಲ್ಲ, ಬೇಕಾದಷ್ಟು ಜನಕ್ಕಿರತ್ತೆ, ಎಣ್ಣೆ ಕಮ್ಮಿ ಮಾಡಿ, ತೂಕ ಇಳಿಸಿ, ಫೈಬರ್ ಜಾಸ್ತಿ ತಿನ್ನಿ. ಇಷ್ಟೇ ಮಾತು, ಅಷ್ಟೊತ್ತಿಗೆ ಮುಂದಿನ ಪೇಶೆಂಟ್ ಬಾಗಿಲು ತಳ್ಕೊಂಡು ಒಳಗೆ ಬಂದಾಗಿತ್ತು.

ಮೊದಲಿನ ಎರಡು ಮಾತು ಯಾರಿಗಾದ್ರೂ ಅರ್ಥ ಆಗತ್ತೆ. ಮೂರನೇದು ಮಾತ್ರ ನನ್ನ ತಲೇಲಿ ಕೂತ್ಬಿಡ್ತು. ಫೈಬರ್ ಅಂದ್ರೆ ಏನು, ಆಹಾರದಲ್ಲಿರೋ ನಾರು, ನಮ್ಮ ಎಂಜೈಮುಗಳಿಗೆ ಜೀರ್ಣ ಮಾಡೋಕೆ ಆಗದೇ ಇರೋ ಭಾಗ. ಅದು ರಕ್ತಕ್ಕೆ ಸೇರಲ್ಲ, ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಹೋಗಿ ಹೊರಗೆ ಹೋಗತ್ತೆ. ಲಿವರ್ ಇರೋದು ಬಲಗಡೆ ಪಕ್ಕೆಲುಬಿನ ಕೆಳಗೆ, ಅದು ರಕ್ತದಲ್ಲಿ ಬಂದಿದ್ದನ್ನ ಮಾತ್ರ ನೋಡತ್ತೆ. ಅಂದ್ಮೇಲೆ ಲಿವರನ್ನ ಒಂದ್ಸಲಾನೂ ಮುಟ್ಟದೇ ಇರೋ ಪದಾರ್ಥ ಲಿವರೊಳಗಿನ ಕೊಬ್ಬನ್ನ ಕಮ್ಮಿ ಮಾಡೋದು ಹೇಗೆ? ಮಲಬದ್ಧತೆಗೆ ಒಳ್ಳೇದು ಅಂದ್ರೆ ಒಪ್ಪಬಹುದು. ಲಿವರಿಗೆ ಒಳ್ಳೇದು ಅನ್ನೋದು ಸುಮ್ನೆ ಎಲ್ಲಾ ಕಾಯಿಲೆಗೂ ಸೇರಿಸಿ ಹೇಳೋ ಮಾತೇನೋ ಅಂತ ಅನುಮಾನ ಬಂತು. ಓದ್ತಾ ಓದ್ತಾ ಹೋದ್ಮೇಲೆ ಗೊತ್ತಾಗಿದ್ದು, ಫೈಬರ್ ಲಿವರಿಗೆ ಹೋಗಲ್ಲ ಅನ್ನೋದೇ ಇದ್ರ ಗುಟ್ಟು, ಅದ್ರ ಕೆಲಸ ಎಲ್ಲಾ ನಡೆಯೋದು ಲಿವರಿಗಿಂತ ಮುಂಚೆ.

ಎಣ್ಣೆ ಲೆಕ್ಕ

ಲಿವರ್ ಜೀವಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಂಡ್ರೆ ಅದನ್ನ ಫ್ಯಾಟಿ ಲಿವರ್ ಅಂತಾರೆ. ಮಾಮೂಲಿ ಅಲ್ಟ್ರಾಸೌಂಡಿಗೆ ಇಷ್ಟು ಕಮ್ಮಿ ಇದ್ರೆ ಸರಿಯಾಗಿ ಕಾಣೋದೂ ಇಲ್ಲ, ಕೊಬ್ಬು ಶೇಕಡಾ 20ರ ಆಸುಪಾಸು ಬಂದ್ಮೇಲೇ ಅದು ನಂಬಿಕೆಯಿಂದ ಹಿಡಿಯೋದು. ಹಾಗಾಗಿ 'ಬರೀ ಗ್ರೇಡ್ 1' ಅನ್ನೋದನ್ನ ನಾನು ಅಷ್ಟು ಹಗುರವಾಗಿ ತಗೊಳ್ಳಲ್ಲ. ರಕ್ತದಲ್ಲಿ ಲಿವರ್ ಎಂಜೈಮ್ ನಾರ್ಮಲ್ ಇದ್ದೂ ಕೊಬ್ಬಿರಬಹುದು, ಅದೂ ಗೊತ್ತಿರಲಿ.

ಈ ಕೊಬ್ಬು ಎಲ್ಲಿಂದ ಬಂತು ಅಂದ್ರೆ ಎಲ್ರೂ ತಕ್ಷಣ ಕೈ ತೋರ್ಸೋದು ಬಾಣಲೆ ಕಡೆಗೆ. ಆದ್ರೆ 2005ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಫ್ಯಾಟಿ ಲಿವರ್ ಇದ್ದ 9 ಜನಕ್ಕೆ ಗುರುತು ಹಾಕಿದ ಅಣುಗಳನ್ನ, ಅಂದ್ರೆ ಐಸೋಟೋಪ್ ಸೇರಿಸಿದ ಕೊಬ್ಬು ಮತ್ತು ಅಸಿಟೇಟ್ ಕೊಟ್ಟು, ಆಮೇಲೆ ಬಯಾಪ್ಸಿಲಿ ತೆಗೆದ ಲಿವರ್ ಚೂರಲ್ಲಿ ಯಾವ ಕೊಬ್ಬು ಎಲ್ಲಿಂದ ಬಂದಿದ್ದು ಅಂತ ಲೆಕ್ಕ ಹಾಕಿದ್ರು. ಸುಮಾರು ಶೇಕಡಾ 59 ಬಂದಿದ್ದು ಮೈಯ ಕೊಬ್ಬಿನ ಅಂಗಾಂಶದಿಂದ ರಕ್ತಕ್ಕೆ ಇಳಿದ ಫ್ಯಾಟಿ ಆಸಿಡ್‌ನಿಂದ. 26ರಷ್ಟು ಲಿವರ್ ತಾನೇ ಹೊಸದಾಗಿ ತಯಾರಿಸಿದ್ದು, ಮುಖ್ಯವಾಗಿ ಸಕ್ಕರೆ ಪಿಷ್ಟಗಳಿಂದ. ಊಟದಲ್ಲಿ ತಿಂದ ಕೊಬ್ಬಿನಿಂದ ನೇರವಾಗಿ ಬಂದಿದ್ದು 15ರಷ್ಟು ಮಾತ್ರ. ಒಂಬತ್ತೇ ಜನ, ಚಿಕ್ಕ ಸ್ಟಡಿ, ಒಪ್ಕೋತೀನಿ, ಆದ್ರೆ ಇವತ್ತಿಗೂ ಈ ವಿಷಯ ಬರೆಯೋರೆಲ್ಲ ಇದನ್ನ ಉಲ್ಲೇಖ ಮಾಡ್ತಾರೆ ಯಾಕಂದ್ರೆ ಮನುಷ್ಯರ ಲಿವರಲ್ಲೇ ಹೀಗೆ ಅಳೆದು ನೋಡೋದು ಸುಲಭದ ಕೆಲಸ ಅಲ್ಲ. ಎಣ್ಣೆ ಕಮ್ಮಿ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ, ಒಟ್ಟು ಕ್ಯಾಲೊರಿ ಜಾಸ್ತಿಯಾಗಿ ಮೈಗೆ ಕೊಬ್ಬು ಸೇರಿದ್ರೆ ಆ 59ರ ಪಾಲು ಅಲ್ಲಿಂದಾನೇ ಬರೋದು. ಆದ್ರೆ ಎಣ್ಣೆ ಒಂದನ್ನೇ ಕಳ್ಳ ಅಂತ ಹಿಡಿದು ಕೂರಿಸಿ ಮಿಕ್ಕಿದ್ದನ್ನೆಲ್ಲ ಬಿಟ್ಬಿಡೋದು ಲೆಕ್ಕಕ್ಕೆ ಸರಿ ಹೋಗಲ್ಲ.

ಬಾತುಗಳ ವಿಷಯ ಇಲ್ಲಿ ಹೇಳ್ಲೇಬೇಕು. ಕೆಲವು ಜಾತಿ ಬಾತು, ಹೆಬ್ಬಾತುಗಳು ದೂರದ ವಲಸೆ ಹಾರಾಟಕ್ಕೆ ಮುಂಚೆ ಸಿಕ್ಕಾಪಟ್ಟೆ ತಿಂದು ಮೈಯಲ್ಲೂ ಲಿವರಲ್ಲೂ ಕೊಬ್ಬು ತುಂಬ್ಕೊಳ್ತವೆ, ಆಮೇಲೆ ಹಾರ್ತಾ ಹಾರ್ತಾ ಅದನ್ನ ಖರ್ಚು ಮಾಡ್ತವೆ. ಈ ಗುಣ ನೋಡ್ಕೊಂಡೇ ಮನುಷ್ಯ ಅವಕ್ಕೆ ಬಲವಂತವಾಗಿ ತಿನ್ನಿಸಿ, ಆ ಲಿವರನ್ನ ತಾನು ತಿನ್ನೋಕೆ ಅಂತ ಊದಿಸೋದು ಕಲ್ತಿದ್ದು. ಹಾಗೆ ತಿನ್ನಿಸೋದು ಏನನ್ನ? ಹೆಚ್ಚಾಗಿ ಮೆಕ್ಕೆಜೋಳ. ಅಂದ್ರೆ ಮುಕ್ಕಾಲು ಪಾಲು ಪಿಷ್ಟ. ಪಿಷ್ಟ ತಿಂದ ಹಕ್ಕಿಯ ಲಿವರ್ ಕೊಬ್ಬಿನ ಮುದ್ದೆ ಆಗತ್ತೆ. ಈ ಒಂದು ಸಂಗತಿ ಗೊತ್ತಾದ್ಮೇಲೆ ನನಗೆ ಎಣ್ಣೆ ಲೆಕ್ಕದ ಮೇಲಿದ್ದ ನಂಬಿಕೆ ಅರ್ಧ ಹೊರಟೋಯ್ತು.

ಇಲ್ಲೇ ಇನ್ನೊಂದು ವಿಷಯ ಸೇರ್ಸಿಬಿಡ್ತೀನಿ. ಹೊಟ್ಟೆ ಮತ್ತು ಕರುಳಿಂದ ಹೊರಡೋ ರಕ್ತ ನೇರವಾಗಿ ಹೃದಯಕ್ಕೆ ಹೋಗಲ್ಲ, ಪೋರ್ಟಲ್ ವೇನ್ ಅನ್ನೋ ದೊಡ್ಡ ರಕ್ತನಾಳದಲ್ಲಿ ಮೊದಲು ಲಿವರಿಗೆ ಬರತ್ತೆ. ಲಿವರಿಗೆ ಸಿಗೋ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರೀಲಿ ಬಂದಿದ್ದೇ. ಊಟದ ಕೊಬ್ಬಲ್ಲಿ ಹೆಚ್ಚಿನ ಪಾಲನ್ನ ಬಿಟ್ರೆ, ಕರುಳಲ್ಲಿ ಏನು ಹೀರಿಕೊಂಡ್ರೂ, ಸಕ್ಕರೆ ಇರ್ಲಿ, ಔಷಧಿ ಇರ್ಲಿ, ಬ್ಯಾಕ್ಟೀರಿಯಾ ಬಿಟ್ಟ ಕಸ ಇರ್ಲಿ, ಮಿಕ್ಕ ಅಂಗಗಳಿಗಿಂತ ಮೊದಲು, ಇನ್ನೂ ಗಾಢವಾಗಿರುವಾಗ್ಲೇ ಲಿವರ್ ಅದನ್ನ ನೋಡಬೇಕು. ಹಾಗಾಗಿ ಕರುಳಲ್ಲಿ ಏನು ನಡೀತು, ಎಷ್ಟು ವೇಗವಾಗಿ ನಡೀತು ಅನ್ನೋದು ಲಿವರಿಗೆ ಬೇರೆ ಯಾರಿಗಿಂತ ಜಾಸ್ತಿ ತಟ್ಟತ್ತೆ. ಫೈಬರ್ ಇರೋದು ಸರಿಯಾಗಿ ಈ ಜಾಗದಲ್ಲಿ.

'ಇದ್ರಲ್ಲಿ ಅಗಿದು ತಿಂದಿದ್ದು ಯಾವ್ದು?'

ಅಣ್ಣನ ಜೊತೆ ಡಯೆಟಿಷಿಯನ್ ಹತ್ರ ನಾನೇ ಹೋಗಿದ್ದೆ. ಅವನು ಶಿಸ್ತಿನ ಮನುಷ್ಯ, ತಿಂದಿದ್ದನ್ನೆಲ್ಲ ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದ, ಟೈಮ್ ಸಮೇತ. ಕರಿದಿದ್ದು ಒಂದೂ ಇಲ್ಲ, ಸ್ವೀಟ್ ಇಲ್ಲ. ಹೆಮ್ಮೆಯಿಂದ ತಳ್ಳಿದ ಟೇಬಲ್ ಮೇಲೆ. ಆಕೆ ವಯಸ್ಸಲ್ಲಿ ಚಿಕ್ಕೋರು, ತುಂಬಾ ಸಮಾಧಾನದಿಂದ ಪುಟ ತಿರುಗಿಸ್ತಾ ಹೋದ್ರು, ಪೆನ್ಸಿಲ್ ತಗೊಂಡು ಅಲ್ಲಲ್ಲಿ ಸಣ್ಣ ಚುಕ್ಕೆ ಇಟ್ರು. ಬೆಳಿಗ್ಗೆ ಸೋಸಿದ ಹಣ್ಣಿನ ಜ್ಯೂಸ್, ಆಮೇಲೆ ಬಿಳೀ ಬ್ರೆಡ್ಡು, ಮಧ್ಯಾಹ್ನ ಮೆತ್ತಗೆ ಬೇಯ್ಸಿದ ಬಿಳೀ ಅಕ್ಕಿ ಜೊತೆ ತೆಳ್ಳಗಿನ ಸೂಪು, ಸಂಜೆ 'ಹೆಲ್ತಿ' ಅಂತ ಪ್ಯಾಕೆಟ್ ಮೇಲೆ ಬರೆದಿರೋ ಬಿಸ್ಕೆಟ್ಟು, ರಾತ್ರಿ ಮತ್ತೆ ಜ್ಯೂಸ್, ಯಾಕಂದ್ರೆ ರಾತ್ರಿ ಲೈಟಾಗಿ ತಿನ್ಬೇಕಲ್ಲ. ನಾಲ್ಕೈದು ಪುಟ ಆದ್ಮೇಲೆ ತಲೆ ಎತ್ತಿ ಕೇಳಿದ್ರು, "ಎಲ್ಲಾ ಚೆನ್ನಾಗಿ ಬರೆದಿದೀರ, ಇದ್ರಲ್ಲಿ ಅಗಿದು ತಿಂದಿದ್ದು ಯಾವ್ದು ಹೇಳಿ?"

ಅಣ್ಣ ನಕ್ಕ, ಹಲ್ಲು ಚೆನ್ನಾಗೇ ಇದೆ ಮೇಡಂ ಅಂದ. ಆಕೆ ನಗ್ಲಿಲ್ಲ. ಹಣ್ಣಿನ ಪಕ್ಕ ಚುಕ್ಕೆ ಇಟ್ಟ ಕಡೆ ತೋರ್ಸಿ, ಇಲ್ಲಿ ನಾರು ಎಲ್ಲಿ ಹೋಯ್ತು ಅಂದ್ರು. ಸೋಸಿ ಎಸೆದ್ವಿ ಅಂತ ಅಣ್ಣ. ಬಿಳೀ ಬ್ರೆಡ್ ಪಕ್ಕ ತೋರ್ಸಿ, ಇಲ್ಲಿ? ಗಿರಣಿಲಿ ತೆಗೆದಾಗಿತ್ತು. ಬಿಳೀ ಅಕ್ಕಿ? ಅದೂ ಪಾಲಿಶ್ ಆಗಿತ್ತು. ಕೊನೇಗೆ ಚೀಲದಿಂದ ಅಣ್ಣ ಒಂದು ಡಬ್ಬ ಆಚೆ ತೆಗೆದ, ಫೈಬರ್ ಪುಡಿ, ದಿನಾ ಜ್ಯೂಸಿಗೆ ಕಲೆಸ್ಕೊಂಡು ಕುಡೀತಿದೀನಿ ಅಂದ. ಹಣ್ಣಿಂದ ನಾರು ತೆಗೆದು ಎಸೆದು, ಆಮೇಲೆ ಬೇರೆ ಕಡೆಯಿಂದ ನಾರು ದುಡ್ಡು ಕೊಟ್ಟು ತಂದು ಅದೇ ಜ್ಯೂಸಿಗೆ ಹಾಕೋದು! ನನಗೆ ನಗು ತಡ್ಯೋಕಾಗ್ಲಿಲ್ಲ, ಆದ್ರೆ ಇದು ಅಣ್ಣ ಒಬ್ಬನ ಕಥೆ ಅಲ್ಲ, ಇಡೀ ಫುಡ್ ಇಂಡಸ್ಟ್ರಿ ನಡೀತಿರೋದೇ ಹೀಗೆ.

ಆಕೆಯ ಆ 'ಅಗಿದು' ಅನ್ನೋ ಮಾತಿನ ಹಿಂದೆ ಒಂದು ಹಳೇ ಪ್ರಯೋಗ ಇದೆ, ಆಕೆ ಅದನ್ನ ಮನಸ್ಸಲ್ಲಿಟ್ಕೊಂಡು ಕೇಳಿದ್ರೋ ಇಲ್ವೋ. 1977ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದಿದ್ದು, ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು ಮಾಡಿದ್ದು. 10 ಜನಕ್ಕೆ ಸೇಬನ್ನ ಮೂರು ರೂಪದಲ್ಲಿ ಕೊಟ್ರು, ಇಡೀ ಸೇಬು, ಅರೆದ ಸೇಬು, ನಾರು ತೆಗೆದ ಜ್ಯೂಸ್, ಮೂರರಲ್ಲೂ ಕಾರ್ಬೋಹೈಡ್ರೇಟ್ ಒಂದೇ ಅಳತೆ. ಇಡೀ ಸೇಬು ತಿನ್ನೋ ಹೊತ್ತಿಗೆ ಹೋಲಿಸಿದ್ರೆ ಜ್ಯೂಸ್ 11 ಪಟ್ಟು ಬೇಗ ಖಾಲಿ ಆಯ್ತು. ಹೊಟ್ಟೆ ತುಂಬಿದ ಅನುಭವ ಜ್ಯೂಸಲ್ಲಿ ಎಲ್ಲಕ್ಕಿಂತ ಕಮ್ಮಿ. ರಕ್ತದಲ್ಲಿ ಸಕ್ಕರೆ ಏರಿದ್ದು ಮೂರಕ್ಕೂ ಹೆಚ್ಚುಕಮ್ಮಿ ಒಂದೇ, ಆದ್ರೆ ಆಮೇಲೆ ಜ್ಯೂಸ್ ಕುಡಿದವರಲ್ಲಿ ಅದು ಜರ್ರಂತ ಇಳೀತು, ಇನ್ಸುಲಿನ್ ಏರಿದ್ದೂ ಜ್ಯೂಸ್ ಮತ್ತು ಅರೆದ ಸೇಬಲ್ಲೇ ಜಾಸ್ತಿ. ಈ ಇನ್ಸುಲಿನ್ ಪಾಯಿಂಟ್ ಲಿವರಿಗೆ ಮುಖ್ಯ. ಲಿವರಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಿಸೋ ಕೆಲಸಕ್ಕೆ ಆರ್ಡರ್ ಕೊಡೋದರಲ್ಲಿ ಇನ್ಸುಲಿನ್ನೇ ಮುಂದು. ದಿನಾ, ದಿನಕ್ಕೆ ನಾಕೈದು ಸಲ ಆ ಆರ್ಡರ್ ಜೋರಾಗಿ ಬರ್ತಿದ್ರೆ ಆ 26ರ ಪಾಲು ಬೆಳೆಯತ್ತೆ.

ಜ್ಯೂಸಲ್ಲಿ ಇನ್ನೊಂದು ತೊಂದರೆ ಫ್ರಕ್ಟೋಸು. ಗ್ಲೂಕೋಸನ್ನ ಮೈಯ ಎಲ್ಲಾ ಕೋಶಗಳೂ ಬಳಸ್ತವೆ, ಲಿವರಲ್ಲೂ ಅದಕ್ಕೆ ಒಂದು ನಿಯಂತ್ರಣ ಇದೆ, ಸಾಕು ಅಂದ್ರೆ ನಿಲ್ಲತ್ತೆ. ಫ್ರಕ್ಟೋಸಿಗೆ ಲಿವರಲ್ಲಿ ಅಂಥ ತಡೆ ಇಲ್ಲ, ಬಂದಷ್ಟೂ ಒಳಗೆ ಎಳ್ಕೊಂಡು ಮುರಿಯತ್ತೆ, ಮುರಿದಿದ್ದು ಜಾಸ್ತಿ ಆದ್ರೆ ಕೊಬ್ಬಾಗತ್ತೆ. ಆದ್ರೆ 2018ರಲ್ಲಿ ಇಲಿಗಳಲ್ಲಿ ಕಂಡ ವಿಷಯ ಏನಂದ್ರೆ, ಸ್ವಲ್ಪ ಸ್ವಲ್ಪ ಫ್ರಕ್ಟೋಸ್ ಕೊಟ್ರೆ ಅದ್ರಲ್ಲಿ ಹೆಚ್ಚಿನ ಭಾಗಾನ ಸಣ್ಣ ಕರುಳೇ ಗ್ಲೂಕೋಸ್ ಮತ್ತೆ ಕೆಲವು ಆಸಿಡ್‌ಗಳಾಗಿ ಬದಲಾಯಿಸಿಬಿಡತ್ತೆ, ಲಿವರಿಗೆ ಫ್ರಕ್ಟೋಸ್ ಆಗಿ ತಲುಪೋದು ಸ್ವಲ್ಪವೇ. ಒಂದೇ ಸಲ ಸುರಿದ್ರೆ ಮಾತ್ರ ಕರುಳಿನ ಕೈಮೀರಿ ಲಿವರಿಗೂ, ಕೆಳಗೆ ದೊಡ್ಡ ಕರುಳಿಗೂ ಹರಿದು ಹೋಗತ್ತೆ. ಜಿನುಗು ಮಳೆ ನೆಲಕ್ಕೆ ಇಂಗಿ ಹೋಗತ್ತೆ, ಅಷ್ಟೇ ನೀರು ಅರ್ಧ ಗಂಟೇಲಿ ಸುರಿದ್ರೆ ಮನೆಯೊಳಗೆ ಬರತ್ತಲ್ಲ, ಹಾಗೆ. ಇದೇ ಗುಂಪಿನವರು ಎರಡು ವರ್ಷ ಆದ್ಮೇಲೆ ತೋರ್ಸಿದ್ದು, ಫ್ರಕ್ಟೋಸನ್ನ ನಿಧಾನವಾಗಿ ಒಳಗೆ ಬಿಟ್ರೆ ಲಿವರಲ್ಲಿ ಕೊಬ್ಬು ತಯಾರಾಗೋದು ಕಮ್ಮಿ ಆಗತ್ತೆ ಅಂತ.

ಓಟ್ಸಲ್ಲಿರೋ ಬೀಟಾ ಗ್ಲೂಕನ್, ಹಣ್ಣಲ್ಲಿರೋ ಪೆಕ್ಟಿನ್, ಇಸಬ್‌ಗೋಲು, ಇವೆಲ್ಲ ನೀರಲ್ಲಿ ನೆನೆದು ಅಂಟಂಟು ಜೆಲ್ ಥರ ಆಗೋ ನಾರು. ಹೊಟ್ಟೆಯಿಂದ ಆಹಾರ ಕೆಳಗಿಳಿಯೋದನ್ನ, ಸಕ್ಕರೆ ಕರುಳಿನ ಗೋಡೆ ತಲುಪೋದನ್ನ ಇವು ನಿಧಾನ ಮಾಡ್ತವೆ. ಅಂದ್ರೆ ಫೈಬರಿನ ಮೊದಲ್ನೇ ಕೆಲಸ ಬರೀ ಸ್ಪೀಡ್ ಕಮ್ಮಿ ಮಾಡೋದು, ಕೇಳೋಕೆ ಏನೂ ಗಮ್ಮತ್ತಿಲ್ಲ, ಆದ್ರೆ ಮೇಲೆ ಹೇಳಿದ ಇಲಿಗಳ ಲೆಕ್ಕ ನೋಡಿದ್ರೆ ಸ್ಪೀಡಲ್ಲೇ ಅರ್ಧ ವಿಷಯ ಇದೆ.

ಮೊದಲು ಯಾರು ತಿಂತಾರೆ

(ಸಣ್ಣದೊಂದು ಹಳೇ ಕಥೆ. ಆಹಾರದ ನಾರಿಗೆ ಇಂಗ್ಲಿಷಲ್ಲಿ ಈಗಿರೋ ಹೆಸರು ಕೊಟ್ಟಿದ್ದು 1953ರಲ್ಲಿ ಹಿಪ್ಸ್ಲಿ ಅನ್ನೋರು. ಅದಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು 1970ರ ದಶಕದಲ್ಲಿ, ಉಗಾಂಡದಲ್ಲಿ ವರ್ಷಾನುಗಟ್ಲೆ ಕೆಲಸ ಮಾಡಿದ್ದ ಸರ್ಜನ್ ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೊವೆಲ್ ಇಬ್ಬರಿಂದ. ಬರ್ಕಿಟ್ ಎಲ್ಲಿ ಹೋದ್ರೂ ಮಾತಾಡ್ತಿದ್ದಿದ್ದು ಮಲದ ಪ್ರಮಾಣ, ಅದು ಹೊರಬರೋಕೆ ಹಿಡಿಯೋ ಸಮಯ. ಫೈಬರ್ ಅಂದ್ರೆ ಕಕ್ಕಸಿನ ವಿಷಯ ಅಂತ ನಮ್ಮ ತಲೇಲಿ ಕೂತಿದ್ದು ಬಹುಶಃ ಆ ಕಾಲದಿಂದ್ಲೇ.)

ನಮಗೆ ಜೀರ್ಣ ಆಗಲ್ಲ ಅಂದ್ರೆ ಯಾರಿಗೂ ಜೀರ್ಣ ಆಗಲ್ಲ ಅಂತಲ್ಲ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇದಾವೆ ಅನ್ನೋದು 2016ರ ಒಂದು ಅಂದಾಜು, ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಕರುಳಲ್ಲೇ. ಮೇಲೆ ನಾವು ಬಿಟ್ಟಿದ್ದೇ ಅವಕ್ಕೆ ಊಟ. ಹುದುಗೋಂಥ ನಾರು ಸಿಕ್ರೆ ಅದನ್ನ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನೋ ಮೂರು ಚಿಕ್ಕ ಫ್ಯಾಟಿ ಆಸಿಡ್ ಮಾಡ್ತವೆ, ಸುಮಾರಾಗಿ 60, 20, 20ರ ಪ್ರಮಾಣದಲ್ಲಿ. ಬ್ಯುಟಿರೇಟನ್ನ ದೊಡ್ಡ ಕರುಳಿನ ಗೋಡೆಯ ಕೋಶಗಳೇ ಹೆಚ್ಚಾಗಿ ಉರಿಸ್ಕೊಂಡುಬಿಡ್ತವೆ, ಅವುಗಳ ಮುಖ್ಯ ಇಂಧನ ಅದೇ. ಪ್ರೊಪಿಯೊನೇಟ್ ಪೋರ್ಟಲ್ ವೇನಲ್ಲಿ ಬಂದು ಲಿವರಲ್ಲೇ ಖರ್ಚಾಗತ್ತೆ. ಅಸಿಟೇಟಲ್ಲಿ ಒಂದಷ್ಟು ಲಿವರ್ ದಾಟಿ ಇಡೀ ಮೈಗೆ ಹೋಗತ್ತೆ. ಜೊತೆಗೆ ಈ ಆಸಿಡ್‌ಗಳು ಕರುಳಿನ ಗೋಡೇಲಿರೋ ಕೆಲವು ಕೋಶಗಳನ್ನ ಎಚ್ಚರಿಸಿ ಜಿಎಲ್‌ಪಿ-1, ಪಿವೈವೈ ಅನ್ನೋ ಹಾರ್ಮೋನ್ ಬಿಡಿಸ್ತವೆ, ಹಸಿವು ತಗ್ಗತ್ತೆ. ಹೌದು, ಈಗ ತೂಕ ಇಳಿಸೋ ಇಂಜೆಕ್ಷನ್‌ಗಳು ಅನುಕರಣೆ ಮಾಡೋದು ಅದೇ ಜಿಎಲ್‌ಪಿ-1ನ್ನ, ಆದ್ರೆ ಎರಡಕ್ಕೂ ಹೋಲಿಕೆ ಮಾಡ್ಬೇಡಿ, ಇಂಜೆಕ್ಷನ್ನಿನ ಶಕ್ತಿ ಬೇರೆ ಮಟ್ಟದ್ದು, ಫೈಬರ್ ತಿಂದ್ರೆ ಇಂಜೆಕ್ಷನ್ ತಗೊಂಡಷ್ಟೇ ಅಂತ ವಿಡಿಯೋ ಮಾಡೋರನ್ನ ನಂಬ್ಬೇಡಿ.

ಇಲ್ಲಿ ಒಂದು ತೊಡಕಿದೆ, ನನಗೆ ತುಂಬಾ ದಿನ ಕಾಡಿದ್ದು. ಅಸಿಟೇಟ್ ಅಂದ್ರೆ ಲಿವರ್ ಕೊಬ್ಬು ಕಟ್ಟೋಕೆ ಬಳಸೋ ಇಟ್ಟಿಗೆನೇ. 2020ರಲ್ಲಿ ನೇಚರ್ ಪತ್ರಿಕೇಲಿ ಬಂದ ಇಲಿ ಪ್ರಯೋಗ ಹೇಳೋದು ಇನ್ನೂ ನೇರ, ಜಾಸ್ತಿ ಫ್ರಕ್ಟೋಸ್ ಕುಡಿಸಿದಾಗ ಕೆಳಗೆ ಜಾರಿದ ಫ್ರಕ್ಟೋಸನ್ನ ಬ್ಯಾಕ್ಟೀರಿಯಾಗಳು ಅಸಿಟೇಟ್ ಮಾಡ್ತವೆ, ಆ ಅಸಿಟೇಟ್ ಲಿವರಿಗೆ ಬಂದು ಕೊಬ್ಬಾಗತ್ತೆ. ಬ್ಯಾಕ್ಟೀರಿಯಾಗಳನ್ನ ಆಂಟಿಬಯಾಟಿಕ್ ಕೊಟ್ಟು ಕಮ್ಮಿ ಮಾಡಿದ್ರೆ ಅದೂ ಕಮ್ಮಿ ಆಯ್ತು. ಹಾಗಾದ್ರೆ ನಾರಿಂದಾನೂ ಬರೋದು ಅದೇ ಅಸಿಟೇಟ್ ತಾನೇ, ಅದು ಒಳ್ಳೇದು ಇದು ಕೆಟ್ಟದ್ದು ಅಂದ್ರೆ ಹೇಗೆ? ನನಗೆ ಸಮಾಧಾನ ಕೊಟ್ಟ ಉತ್ತರ ಮತ್ತೆ ಹೊತ್ತಿಗೇ ಬರತ್ತೆ. ನಾರು ಹುದುಗೋದು ಗಂಟೆಗಟ್ಲೆ, ಇಡೀ ರಾತ್ರಿ ಸ್ವಲ್ಪ ಸ್ವಲ್ಪ, ಇನ್ಸುಲಿನ್ ತಗ್ಗಿರೋ ಹೊತ್ತಲ್ಲೂ ನಡೀತಿರತ್ತೆ. ಸಕ್ಕರೆ ನೀರಿಂದಾದ ಅಸಿಟೇಟ್ ಬರೋದು ಒಂದೇ ಅಲೆಯಲ್ಲಿ, ಅದೂ ಫ್ರಕ್ಟೋಸ್ ಈಗಾಗ್ಲೇ ಲಿವರಿಗೆ ಕೊಬ್ಬು ಕಟ್ಟು ಅಂತ ಸಿಗ್ನಲ್ ಕೊಟ್ಟಿರೋ ಹೊತ್ತಲ್ಲಿ. ಇಟ್ಟಿಗೆ ಒಂದೇ ಆದ್ರೂ ಕಟ್ಟೋ ಕೆಲಸ ಶುರುವಾಗಿದ್ಯಾ ಇಲ್ವಾ ಅನ್ನೋದು ಬೇರೆ.

ಇದಕ್ಕಿಂತ ಹೊಸದು, 2025ರಲ್ಲಿ ಬಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಲ್ಯಾಬಿನ ಕೆಲಸ, ನನಗೆ ಇಡೀ ಓದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಇಲಿಗಳಿಗೆ ಇನ್ಯುಲಿನ್ ಅನ್ನೋ ಕರಗೋ ನಾರು, ಈರುಳ್ಳಿ ಬೆಳ್ಳುಳ್ಳಿಲೆಲ್ಲ ಇರತ್ತಲ್ಲ ಅದು, ಕೊಟ್ಟು ಬ್ಯಾಕ್ಟೀರಿಯಾಗಳನ್ನ ಅದಕ್ಕೆ ಒಗ್ಗಿಸಿದ್ರು. ಇನ್ಯುಲಿನ್ ಅಂದ್ರೆ ಫ್ರಕ್ಟೋಸುಗಳ ಸರಪಳಿ. ಅದನ್ನ ತಿಂದು ರೂಢಿಯಾದ ಬ್ಯಾಕ್ಟೀರಿಯಾಗಳು ಊಟದಲ್ಲಿ ಬಂದ ಬಿಡಿ ಫ್ರಕ್ಟೋಸನ್ನೂ ಸಣ್ಣ ಕರುಳಲ್ಲೇ ಗಬಗಬ ತಿಂದು ಮುಗಿಸ್ತವೆ, ಲಿವರಿಗೆ ಹೋಗೋ ಪಾಲು ಕಮ್ಮಿ ಆಗತ್ತೆ, ಆಗ್ಲೇ ಸೇರಿದ್ದ ಕೊಬ್ಬೂ ಇಳಿಯತ್ತೆ. ಅಂದ್ರೆ ಫೈಬರ್ ಇಲ್ಲಿ ಸಕ್ಕರೆನ ನಿಧಾನ ಮಾಡಿದ್ದಷ್ಟೇ ಅಲ್ಲ, ಸಕ್ಕರೆ ತಿನ್ನೋಕೆ ಬೇರೆಯೋರನ್ನ ಬೆಳೆಸಿ ಕೂರಿಸ್ತು. ಇಲಿ ಮನುಷ್ಯ ಅಲ್ಲ, ನಮ್ಮ ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಇಲಿಗಿಂತ ವಿರಳ, ಇಲಿಗಳು ತಮ್ಮ ಹಿಕ್ಕೆ ತಾವೇ ತಿಂತವೆ ಬೇರೆ, ಹಾಗಾಗಿ ನೇರವಾಗಿ ನಮಗೆ ಅನ್ವಯಿಸೋಕೆ ಹೋಗ್ಬೇಡಿ. ಆದ್ರೂ 'ನನ್ನ ಲಿವರ್ ತಿನ್ನೋಕೆ ಮುಂಚೆ ಬೇರೆ ಯಾರು ತಿಂದ್ರು' ಅನ್ನೋ ಥರ ಯೋಚನೆ ಮಾಡೋದು ನನಗೆ ಹೊಸದು.

ನಾರು ಸಿಗದಿದ್ರೆ

ಬ್ಯಾಕ್ಟೀರಿಯಾಗಳಿಗೆ ನಾರು ಹಾಕ್ಲಿಲ್ಲ ಅಂದ್ರೆ ಅವು ಉಪವಾಸ ಕೂರಲ್ಲ. ಕರುಳಿನ ಗೋಡೆ ಮೇಲೆ ಲೋಳೆಯ ಪದರ ಇದೆ, ಅದೂ ಸಕ್ಕರೆ ಸರಪಳಿಗಳಿಂದ ಆಗಿರೋದೇ, ಅದನ್ನ ಮೇಯೋಕೆ ಶುರು ಮಾಡ್ತವೆ. 2016ರಲ್ಲಿ ಸೆಲ್ ಪತ್ರಿಕೇಲಿ ಬಂದ ಇಲಿಗಳ ಅಧ್ಯಯನದಲ್ಲಿ ಇದನ್ನ ಚೆನ್ನಾಗಿ ತೋರ್ಸಿದಾರೆ, ಮನುಷ್ಯರ ಬ್ಯಾಕ್ಟೀರಿಯಾ ಹಾಕಿದ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ ಲೋಳೆ ಪದರ ತೆಳ್ಳಗಾಗಿ ರೋಗಾಣುಗಳು ಗೋಡೆ ಹತ್ರ ಬರೋಕೆ ದಾರಿ ಆಯ್ತು. ಗೋಡೆ ಸಡಿಲ ಆದ್ರೆ ಬ್ಯಾಕ್ಟೀರಿಯಾಗಳ ಹೊರಕವಚದ ಚೂರು, ಎಂಡೋಟಾಕ್ಸಿನ್ ಅಂತಾರೆ, ರಕ್ತಕ್ಕೆ ಇಳಿಯತ್ತೆ. ಇಳಿದು ಮೊದಲು ಎಲ್ಲಿಗೆ? ಅದೇ ಪೋರ್ಟಲ್ ವೇನ್, ಅದೇ ಲಿವರು. ಲಿವರಲ್ಲಿ ಕಾವಲಿಗಿರೋ ಕುಪ್ಫರ್ ಕೋಶಗಳು ಅದನ್ನ ನೋಡಿ ಉರಿಯೂತ ಎಬ್ಬಿಸ್ತವೆ. ಸುಮ್ನೆ ಕೂತಿದ್ದ ಕೊಬ್ಬು ಉರಿಯೂತ ಆಗಿ, ಅಲ್ಲಿಂದ ಗಾಯದ ಕಲೆ ಥರ ಗಟ್ಟಿಯಾಗೋ ಫೈಬ್ರೋಸಿಸ್ ಕಡೆ ಹೋಗೋಕೆ ಇಂಥ ಕಿರಿಕಿರಿಗಳೇ ತಳ್ಳೋದು. ಕೊಬ್ಬಿಗಿಂತ ಹೆದರಬೇಕಾಗಿರೋದು ಈ ಮುಂದಿನ ಹಂತಕ್ಕೆ.

ಅಣ್ಣನಂಥ ಕುಡಿಯದೇ ಇರೋರಿಗೆ ಕೇಳೋಕೆ ಬೇಜಾರಾಗೋ ಇನ್ನೊಂದು ವಿಷಯ, 2019ರಲ್ಲಿ ಚೀನಾದ ಸಂಶೋಧಕರು ಫ್ಯಾಟಿ ಲಿವರ್ ಇರೋ ಕೆಲವರ ಕರುಳಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಒಂದು ತಳಿ ಸಕ್ಕರೆಯಿಂದ ಹೇರಳವಾಗಿ ಆಲ್ಕೋಹಾಲ್ ತಯಾರಿಸ್ತಿದ್ದಿದ್ದನ್ನ ಕಂಡುಹಿಡಿದ್ರು. ಬಾಟಲಿ ಮುಟ್ಟದೇನೇ ಲಿವರಿಗೆ ಎಣ್ಣೆ ಹೋಗ್ತಿತ್ತು ಅಂತ! (ಬಾಣಲೆ ಎಣ್ಣೆ ಅಲ್ಲ, ಇನ್ನೊಂದು ಎಣ್ಣೆ.)

ಮನುಷ್ಯರಲ್ಲಿ ನೋಡಿದ್ದೇನು

ಇಲಿ ಕಥೆ ಸಾಕು. ಮನುಷ್ಯರಲ್ಲಿ ನನಗೆ ಗಟ್ಟಿ ಅನ್ಸಿದ್ದು 2023ರಲ್ಲಿ ಸೆಲ್ ಮೆಟಬಾಲಿಸಂ ಪತ್ರಿಕೇಲಿ ಬಂದ ಚೀನಾದ ಒಂದು ಟ್ರಯಲ್. ಫ್ಯಾಟಿ ಲಿವರ್ ಇರೋ 200 ಜನ, 4 ತಿಂಗಳು, ಅರ್ಧ ಜನಕ್ಕೆ ದಿನಕ್ಕೆ 40 ಗ್ರಾಂ ರೆಸಿಸ್ಟೆಂಟ್ ಸ್ಟಾರ್ಚ್, ಅಂದ್ರೆ ಸಣ್ಣ ಕರುಳಲ್ಲಿ ಜೀರ್ಣ ಆಗದೇ ನಾರಿನ ಥರಾನೇ ಕೆಳಗೆ ಹೋಗೋ ಪಿಷ್ಟ, ಇನ್ನರ್ಧ ಜನಕ್ಕೆ ಅಷ್ಟೇ ಕ್ಯಾಲೊರಿಯ ಮಾಮೂಲಿ ಪಿಷ್ಟ. ನಾರಿನ ಗುಂಪಲ್ಲಿ ಲಿವರ್ ಕೊಬ್ಬು ಚೆನ್ನಾಗೇ ಇಳೀತು. ತೂಕಾನೂ ಸ್ವಲ್ಪ ಇಳಿದಿತ್ತು, ಆದ್ರೆ ಆ ತೂಕದ ಲೆಕ್ಕ ಬಿಟ್ಟು ನೋಡಿದ್ರೂ ಕೊಬ್ಬು ಇಳಿದಿದ್ದು ಉಳ್ಕೊಳ್ತು, ಬ್ಯಾಕ್ಟೀರಿಯಾಗಳ ಗುಂಪಲ್ಲೂ ಬದಲಾವಣೆ ಕಾಣ್ತು. ಈ 'ತೂಕ ಬಿಟ್ಟು ನೋಡಿದ್ರೂ' ಅನ್ನೋದು ಬಹಳ ಮುಖ್ಯ, ಯಾಕಂದ್ರೆ ಫೈಬರ್ ಬಗ್ಗೆ ಇರೋ ಹೆಚ್ಚಿನ ಅಧ್ಯಯನಗಳಲ್ಲಿ ಯಾವ್ದು ನಾರಿನ ಕೆಲಸ, ಯಾವ್ದು ಕಮ್ಮಿ ತಿಂದು ತೂಕ ಇಳಿದಿದ್ದರ ಕೆಲಸ ಅಂತ ಬಿಡಿಸೋದೇ ಕಷ್ಟ.

ತೂಕದ ಮುಂದೆ ಫೈಬರ್ ಚಿಕ್ಕ ಆಟಗಾರನೇ, ಇದನ್ನ ಮುಚ್ಚಿಡೋಕೆ ಇಷ್ಟ ಇಲ್ಲ. ದೇಹದ ತೂಕದಲ್ಲಿ ಶೇಕಡಾ 5 ಇಳಿದ್ರೆ ಲಿವರ್ ಕೊಬ್ಬು ಕಮ್ಮಿಯಾಗತ್ತೆ, 7ರಿಂದ 10 ಇಳಿದ್ರೆ ಉರಿಯೂತ ಸುಧಾರಿಸತ್ತೆ, 10 ದಾಟಿದ್ರೆ ಫೈಬ್ರೋಸಿಸ್ ಕೂಡ ಕೆಲವರಲ್ಲಿ ಹಿಂದೆ ಸರಿಯತ್ತೆ. ಕಾಯಿಲೆ ಮುಂದುವರಿದೋರಿಗೆ ಈಗ ಔಷಧಾನೂ ಇದೆ, ಅಮೆರಿಕದಲ್ಲಿ ಮೊದಲ್ನೇದಾಗಿ ರೆಸ್ಮೆಟಿರೋಮ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ತು. 2023ರಲ್ಲಿ ಕಾಯಿಲೆಯ ಹೆಸರೂ ಬದಲಾಗಿದೆ, ಹೊಸ ರಿಪೋರ್ಟ್‌ಗಳಲ್ಲಿ ಎಂಎಎಸ್‌ಎಲ್‌ಡಿ ಅಂತ ಇದ್ರೆ ಹೊಸ ರೋಗ ಬಂತು ಅಂತ ಹೆದರ್ಬೇಡಿ. ನನ್ನ ಅಭಿಪ್ರಾಯ ಇಷ್ಟು, ಫೈಬರ್ ಜಾಸ್ತಿ ಇರೋ ಊಟದಲ್ಲಿ ಕಮ್ಮಿ ಕ್ಯಾಲೊರಿಗೆ ಹೊಟ್ಟೆ ತುಂಬತ್ತೆ, ಹಾಗಾಗಿ ತೂಕ ಇಳಿಸೋಕೂ ಅದೇ ಸುಲಭದ ದಾರಿ. ಎರಡನ್ನ ಬೇರೆ ಬೇರೆ ಅಂತ ವಾದ ಮಾಡೋದು ಸಂಶೋಧಕರ ಅಗತ್ಯ, ತಿನ್ನೋರಿಗೆ ಅದು ಬೇಕಾಗಿಲ್ಲ.

ಡಬ್ಬದ ನಾರು

ಡಯೆಟಿಷಿಯನ್ ಅಣ್ಣನ ಡಬ್ಬಾನ ಪಕ್ಕಕ್ಕಿಟ್ಟಿದ್ದು ನನಗೆ ಆಗ ಸ್ವಲ್ಪ ಜಾಸ್ತಿ ಆಯ್ತು ಅನ್ಸಿತ್ತು, ಪುಡಿ ಆದ್ರೇನು ನಾರು ನಾರೇ ಅಲ್ವಾ ಅಂತ. 2018ರಲ್ಲಿ ಸೆಲ್ ಪತ್ರಿಕೇಲಿ ಬಂದ ಒಂದು ಅಧ್ಯಯನ ಓದಿದ್ಮೇಲೆ ಆಕೆ ಕಡೆ ವಾಲಿದೆ. ಮೊದ್ಲೇ ಕರುಳಿನ ಬ್ಯಾಕ್ಟೀರಿಯಾ ಹದಗೆಟ್ಟಿದ್ದ ಒಂದು ಥರದ ಇಲಿಗಳಿಗೆ ಶುದ್ಧೀಕರಿಸಿದ ಇನ್ಯುಲಿನ್ನನ್ನ ಆಹಾರಕ್ಕೆ ಸೇರಿಸಿ ಕೊಟ್ಟಾಗ ಪಿತ್ತರಸ ಕಟ್ಕೊಂಡು, ಕೆಲವಕ್ಕೆ ಲಿವರ್ ಕ್ಯಾನ್ಸರೇ ಬಂತು. ಮೇಲೆ ಲಿವರ್ ಕೊಬ್ಬು ಇಳಿಸಿದ್ದೂ ಅದೇ ಇನ್ಯುಲಿನ್ನೇ! ಇದನ್ನ ಹಿಡ್ಕೊಂಡು ಇನ್ಯುಲಿನ್ ವಿಷ ಅಂತ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು, ಅವು ವಿಶೇಷವಾಗಿ ತಯಾರಿಸಿದ ಇಲಿಗಳು. ಆದ್ರೆ ಒಂದೇ ಒಂದು ಶುದ್ಧ ನಾರನ್ನ ಚಮಚಗಟ್ಲೆ ಸುರಿಯೋದೂ, ಕಾಳು, ಇಡೀ ಧಾನ್ಯ, ತರಕಾರಿ, ಸಿಪ್ಪೆ ಸಮೇತ ಹಣ್ಣಲ್ಲಿ ಹತ್ತಾರು ಥರದ ನಾರು ಸ್ವಲ್ಪ ಸ್ವಲ್ಪ ಬರೋದೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡೋರಿಗೆ ದಿನಕ್ಕೆ ಕಮ್ಮಿ ಅಂದ್ರೂ 25 ಗ್ರಾಂ ಅಂತ ಹೇಳಿದಾಗ 'ಆಹಾರದಲ್ಲಿ ಸಹಜವಾಗಿರೋ' ನಾರು ಅಂತಾನೇ ಸೇರ್ಸಿ ಹೇಳಿದೆ. ಲೆಕ್ಕಕ್ಕೆ, ಸಿಪ್ಪೆ ಸಮೇತ ಒಂದು ಸೇಬಲ್ಲಿ 4 ಗ್ರಾಂ ಆಸುಪಾಸು, ಒಂದು ಕಪ್ ಬೇಯ್ಸಿದ ಇಡೀ ಕಾಳಲ್ಲಿ ಸುಮಾರು 15. ಕಾಳು ಇಲ್ದೇ 25 ಮುಟ್ಟೋದು ಕಷ್ಟ, ಕಾಳಿದ್ರೆ ಅಂಥ ಕಷ್ಟ ಅಲ್ಲ.

ಲಿವರ್ ಕ್ಲೀನ್ ಮಾಡೋ ಡಿಟಾಕ್ಸ್ ಫೈಬರ್ ಅಂತ ಮಾರೋದೆಲ್ಲ ಸುಳ್ಳು, ನಾರು ಲಿವರನ್ನ ಉಜ್ಜಿ ತೊಳೆಯಲ್ಲ, ಅಲ್ಲಿಗೆ ಹೋಗೋದೇ ಇಲ್ಲ ಅಂತ ಶುರುವಲ್ಲೇ ಹೇಳಿದ್ನಲ್ಲ. ಹತ್ತಿರದ ಸತ್ಯ ಅಂದ್ರೆ ಪಿತ್ತರಸದ್ದು. ಲಿವರ್ ಬಿಟ್ಟ ಪಿತ್ತದ ಆಮ್ಲಗಳಲ್ಲಿ ಶೇಕಡಾ 95ರಷ್ಟು ಕರುಳಿಂದ ವಾಪಸ್ ಹೀರಿ ಲಿವರಿಗೇ ಬರತ್ತೆ. ಅಂಟು ನಾರು ಅದ್ರಲ್ಲಿ ಸ್ವಲ್ಪ ಹಿಡ್ಕೊಂಡು ಹೊರಗೆ ಒಯ್ಯತ್ತೆ, ಆ ಕೊರತೆ ತುಂಬೋಕೆ ಲಿವರ್ ಕೊಲೆಸ್ಟ್ರಾಲ್ ಖರ್ಚು ಮಾಡಿ ಹೊಸ ಪಿತ್ತ ಮಾಡ್ಬೇಕು. ಕೊಲೆಸ್ಟ್ರಾಲ್ ಸ್ವಲ್ಪ ಇಳಿಯೋದು ಇದ್ರಿಂದ್ಲೇ.

ಶುರು ಮಾಡೋರಿಗೆ, ನಿನ್ನೆವರೆಗೂ ನಾರೇ ಕಾಣದ ಕರುಳಿಗೆ ಇವತ್ತು ಒಂದೇ ಸಲ 30 ಗ್ರಾಂ ಹಾಕಿದ್ರೆ ಗ್ಯಾಸು, ಹೊಟ್ಟೆ ಉಬ್ಬರ ಗ್ಯಾರಂಟಿ, ಎರಡೇ ದಿನಕ್ಕೆ ನನಗೆ ಆಗಿಬರಲ್ಲ ಅಂತ ಬಿಟ್ಬಿಡ್ತೀರ. ಕೆಲವು ವಾರಗಳಲ್ಲಿ ನಿಧಾನಕ್ಕೆ ಏರಿಸ್ಕೊಂಡು ಹೋಗಿ. ಇಸಬ್‌ಗೋಲು ಥರದ್ದು ತಗೊಳ್ಳೋದೇ ಆದ್ರೆ ನೀರು ಜಾಸ್ತಿ ಇರ್ಬೇಕು, ಇಲ್ದಿದ್ರೆ ಗಂಟಲಲ್ಲೋ ಕರುಳಲ್ಲೋ ಗಟ್ಟಿಯಾಗಿ ಸಿಕ್ಕಾಕೊಳ್ಳೋ ಅಪಾಯ ಇದೆ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದ್ರ ಜೊತೆಗೇ ಫೈಬರ್ ಪುಡಿ ಕುಡೀಬೇಡಿ, ಮಾತ್ರೆ ಸರಿಯಾಗಿ ಹೀರ್ಕೊಳ್ಳಲ್ಲ, ಮಧ್ಯೆ ಎಷ್ಟು ಗಂಟೆ ಬಿಡ್ಬೇಕು ಅಂತ ಡಾಕ್ಟ್ರನ್ನ ಕೇಳಿ. ಲಿವರ್ ಕಾಯಿಲೆ ಆಗ್ಲೇ ಸಿರೋಸಿಸ್, ಅಂದ್ರೆ ಲಿವರ್ ತುಂಬಾ ಗಾಯದ ಕಲೆ ಕಟ್ಟಿ ಗಟ್ಟಿಯಾಗೋ ಮಟ್ಟಕ್ಕೆ ಹೋಗಿರೋರ ಊಟದ ಲೆಕ್ಕಾನೇ ಬೇರೆ, ಅವರು ಇದನ್ನ ಓದ್ಕೊಂಡು ಏನೂ ಬದಲಾಯಿಸೋಕೆ ಹೋಗ್ಬೇಡಿ.